ಪೂರ್ವದ ಗ್ಯಾಲರಿಯ ಪ್ರೇಕ್ಷಕ

ಮಾರ್ಚ್ ೧೨, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಕಾಗದ ಬಂದು ತಿಂಗಳಾಯಿತು. ತಡವಾಗಿದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದು. ಮಂಡಿನೋವು ಹಾಗೇ ಇದೆ. ಈಗ ತಲೆಗೂ ಒಂದು ಹುಳ ಹೊಕ್ಕಿದೆ.

ನಮ್ಮವರ ಫುಟ್ಬಾಲ್ ಹುಚ್ಚು ನಿನಗೆ ಗೊತ್ತು. ನಮ್ಮ ತಂಡ ಕಪ್ ಗೆದ್ದ ಆ ಫೈನಲ್ ಕಥೆಯನ್ನು ಅಂಗಿ ಹೊಲಿಸಲು ಬಂದವರಿಗೆಲ್ಲ ಹೇಳುತ್ತಾರೆ. ಪೂರ್ವದ ಗ್ಯಾಲರಿ, ತುದಿಯ ಬೆಂಚು, ಕ್ಯಾಪ್ಟನ್ನನ ಎಡಗಾಲಿನ ಒದೆತ, ಚೆಂಡು ಕಂಬಕ್ಕೆ ಬಡಿದು ಒಳಗೆ! ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಎಗರಿ ತೋರಿಸುತ್ತಾರೆ. ನಾನು ಎದ್ದು ಒಳಗೆ ಹೋಗುತ್ತೇನೆ. ಮಗಳು ಹುಟ್ಟಿದ್ದು ಅದೇ ದಿನವಲ್ಲವೇ? ನಾನು ಆಸ್ಪತ್ರೆಯಲ್ಲಿ ಸಾಯುತ್ತಾ ಬಿದ್ದಿದ್ದಾಗ ಇವರು ಆಟ ನೋಡುತ್ತಿದ್ದರು.

ಹದಿನೈದು ದಿನದ ಹಿಂದೆ ಕೋಟು ಹೊಲಿಸಲು ಒಬ್ಬ ಮುದುಕರು ಬಂದಿದ್ದರು. ಆ ಪಂದ್ಯದಲ್ಲಿ ಲೈನ್ಸ್‌ಮನ್ ಆಗಿದ್ದವರಂತೆ. ಕಥೆ ಕೇಳಿ ನಕ್ಕುಬಿಟ್ಟರು. "ಪೂರ್ವದ ಗ್ಯಾಲರೀನಾ? ಅವತ್ತು ಹಲಗೆ ಕುಸಿದು ಬೆಳಗ್ಗೇನೇ ಅದನ್ನ ಮುಚ್ಚಿದ್ರಲ್ಲ. ಒಂದು ನರಪಿಳ್ಳೆ ಇರ್ಲಿಲ್ಲ ಅಲ್ಲಿ."

ಇವರ ಬೆರಳಿಗೆ ಸೂಜಿ ಚುಚ್ಚಿತು.

ಅಂದಿನಿಂದ ನನ್ನ ಕಣ್ಣು ಇವರ ಬೆನ್ನ ಮೇಲೇ. ಹೆಂಡತಿ ಸಾಯುವ ಹೊತ್ತಲ್ಲಿ ಗಂಡ ಎಲ್ಲಿದ್ದ? ಯಾರ ಮನೆಯಲ್ಲಿ? ಎದುರಂಗಡಿಯ ಹೂ ಮಾರುವವಳ ಮೇಲೂ ಅನುಮಾನ ಬಂತು, ಪಾಪ, ಅವಳಾಗ ಹುಟ್ಟಿಯೇ ಇರಲಿಲ್ಲವೇನೋ! ಕೊನೆಗೆ ಕತ್ತರಿ ಕಿತ್ತುಕೊಂಡು ಕೇಳಿಯೇಬಿಟ್ಟೆ, "ಯಾರವಳು?"

"ಯಾರೂ ಇಲ್ಲ ಕಣೇ. ಆಸ್ಪತ್ರೇಲೇ ಇದ್ದೆ, ಕೆಳಗೆ ಮೆಟ್ಟಿಲ ಸಂದೀಲಿ. ಡಾಕ್ಟ್ರು ಆಸೆ ಇಲ್ಲ ಅಂದ್ರು. ಮೇಲೆ ಹತ್ತೋಕೆ ಕಾಲೇ ಏಳಲಿಲ್ಲ. ವಾಚ್‌ಮನ್ ರೇಡಿಯೋದಲ್ಲಿ ಆಟ ಕೇಳಿಸ್ತಿತ್ತು. ಹೆದರಿ ಅಳ್ತಾ ಕೂತಿದ್ದೆ ಅನ್ನೋದಕ್ಕಿಂತ ಆಟಕ್ಕೆ ಹೋಗಿದ್ದೆ ಅನ್ನೋದು ಸುಲಭ ಆಯ್ತು."

ನಂಬಲೋ ಬಿಡಲೋ ತಿಳಿಯದೆ ಕತ್ತರಿಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದೆ. ಇಷ್ಟು ವರ್ಷ ಹೇಡಿಯನ್ನು ಕಟುಕನೆಂದುಕೊಂಡು ಬಾಳಿದೆನೇ?

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳು ಚೆನ್ನಾಗಿರಲಿ, ಅವರಿಗೆ ನನ್ನ ಆಶೀರ್ವಾದ.

ಇಂತಿ,
ನಿನ್ನ ಪುಟ್ಟಿ

ಮರೆತ ಮಾತು: ಅವತ್ತು ನಡುಗುತ್ತಾ ಕೂತಿದ್ದ ಇವರಿಗೆ, ನನ್ನ ಹಾಸಿಗೆಯ ಪಕ್ಕದಲ್ಲಿದ್ದ ನೀನೇ ಕೆಳಗಿಳಿದು ಬಂದು ನಿನ್ನ ನೀಲಿ ಶಾಲು ಹೊದಿಸಿದೆಯಂತೆ, ಇವರೇ ಹೇಳಿದರು. ಆಸ್ಪತ್ರೆಯಲ್ಲಿ ಶಾಲು ಕಳೆದುಹೋಯಿತೆಂದು ನೀನು ನನಗೆ ಹೇಳಿದ್ದೆ. ಆಮೇಲೆ ನಾನು ಅವರಿಗೆ ಶಾಪ ಹಾಕಿದಾಗಲೆಲ್ಲ ಪಕ್ಕದಲ್ಲಿ ಕೂತು ಹೂಂಗುಟ್ಟಿದೆಯಲ್ಲ, ಯಾಕಕ್ಕಾ?