ಕಾಣದವರ ಮಂಡಳಿಯಲ್ಲಿ ನಾನು ಹಾಕಿದ ಮತ

ಗದಗ
ಮೇ ತಿಂಗಳ ನಲವತ್ತೊಂದನೇ ತಾರೀಕು, ಇಸವಿ ೨೨೧೯

ಶಾಂಭವಿಯವರಿಗೆ,

ತೀರ್ಥರೂಪರೆಂದು ಬರೆಯಲೋ ಚಿರಂಜೀವಿಯೆಂದು ಬರೆಯಲೋ ತಿಳಿಯದೆ ಮೂರು ಹಾಳೆ ಕೆಡಿಸಿದ್ದೇನೆ. ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಈ ಪತ್ರ ಕೈಸೇರುವಾಗ ನಿಮಗೆ ಇಪ್ಪತ್ತೇಳು, ಬರೆಯುತ್ತಿರುವ ನನಗೆ ಅರವತ್ತೊಂದು. ಆಶೀರ್ವಾದ ಬೇಡಬೇಕೋ ಮಾಡಬೇಕೋ ನೀವೇ ತೀರ್ಮಾನಿಸಿ. ತಾರೀಕು ತಪ್ಪಿಲ್ಲ. ಸೆಕೆ ಇಳಿಯುವ ತನಕ ಮೇ ತಿಂಗಳನ್ನು ಮುಗಿಸಬಾರದೆಂದು ನಮ್ಮಲ್ಲಿ ಏರ್ಪಾಡಾಗಿದೆ. ಹೋದ ವರ್ಷ ಐವತ್ತೆರಡರವರೆಗೆ ಹೋಗಿತ್ತು. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಮನ್ನಿಸಬೇಕು. ನಾಲ್ಕು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಬರವಣಿಗೆಯೂ ಅತ್ತಿತ್ತ ಓಡಬಹುದು.

ಬೇಸ್‌ಬಾಲ್ ನಿಮ್ಮ ಕಾಲದಲ್ಲಿ ನಮ್ಮ ಕಡೆ ಯಾರಿಗೂ ಬೇಡದ ಆಟವಂತೆ. ನೀವು ಧಾರವಾಡದ ಬಾಡಿಗೆ ಕೋಣೆಯಲ್ಲಿ ಕೂತು, ದೂರದೇಶದ ಪಂದ್ಯಗಳ ಅಂಕಿ ಕಲೆಹಾಕಿ, ಹಂಗಾಮಿನ ನಟ್ಟನಡುವೆ ಯಾರಿಗೆ ಪ್ರಶಸ್ತಿ ಸಲ್ಲಬೇಕೆಂದು ಗೆಳತಿಯರೊಡನೆ ವಾದಿಸುತ್ತಿದ್ದಿರಂತೆ. ಈಗ ಇಲ್ಲಿ ಅದು ಹೊಟ್ಟೆಪಾಡಿನ ಆಟ. ಹದಿನಾಲ್ಕು ಊರಿನ ತಂಡಗಳು, ಗಂಡಸರು ಹೆಂಗಸರು ಒಟ್ಟಿಗೆ. ಬಿಸಿಲಿಗೆ ಹೆದರಿ ಬೆಳಗಿನ ಐದಕ್ಕೆ ಶುರು ಮಾಡುತ್ತೇವೆ. ಜನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು, ಅಲ್ಲೇ ನಾಷ್ಟಾ ಮುಗಿಸಿ ಕೆಲಸಕ್ಕೆ ಹೋಗುತ್ತಾರೆ. ನಿಮ್ಮ ಹಳೆಯ ಟಿಪ್ಪಣಿಯ ಒಂದು ಸಾಲು ನಮಗೆ ಕಾನೂನಾಗಿದೆ: ಆಟಗಾರರ ಹೆಸರು ಮುಚ್ಚಿಟ್ಟು ಬರೀ ಅಂಕಿ ನೋಡಿದರೆ ಹೇಗೆ? ನೀವು ಅದನ್ನು ತಮಾಷೆಗೆ ಬರೆದಿರೋ ಏನೋ. ಪ್ರಶಸ್ತಿ ತೀರ್ಮಾನಿಸುವ ಮಂಡಳಿಯ ಕಚೇರಿಯಲ್ಲಿ ನಿಮ್ಮ ಫೋಟೋಕ್ಕೆ ದಿನಾ ಮಾಲೆ ಬೀಳುತ್ತದೆ. ಗಾಬರಿಯಾಗಬೇಡಿ, ಆ ಮಾಲೆಗೆ ನಿಮಗಿನ್ನೂ ಬಹಳ ವರ್ಷ ಇದೆ.

ನಾಲ್ಕು ವರ್ಷದಿಂದ ಆ ಮಂಡಳಿಯ ಒಂಬತ್ತು ಜನರಲ್ಲಿ ನಾನೊಬ್ಬಳು. ನಮಗೆ 'ಕಾಣದವರು' ಅನ್ನುತ್ತಾರೆ, ಏಕೆಂದರೆ ಸೇರಿದ ದಿನದಿಂದ ನಾವು ಒಂದು ಪಂದ್ಯವನ್ನೂ ನೋಡುವಂತಿಲ್ಲ, ಅದರ ಸುದ್ದಿಯನ್ನೂ ಕೇಳುವಂತಿಲ್ಲ. ಕಣ್ಣು ಮೋಸ ಮಾಡುತ್ತದೆ, ಅಂಕಿ ಮಾಡುವುದಿಲ್ಲ ಎಂಬ ನಂಬಿಕೆ. ನಾನು ಓಣಿಗೆ ಕಾಲಿಟ್ಟರೆ ಮನೆಮನೆಯ ಟಿವಿ ಬಾಯಿ ಮುಚ್ಚುತ್ತದೆ. ಮದುವೆಯಲ್ಲಿ ಪಂಕ್ತಿಗೆ ಕೂತರೆ, ಆಟದ ಮಾತು ಆಡುತ್ತಿದ್ದವರು ತಟ್ಟನೆ ನನ್ನ ಸೀರೆಯ ಬಣ್ಣ ಹೊಗಳುತ್ತಾರೆ. ನನ್ನ ಮಗಳು ಹೊಳೆವ್ವ ಗದಗ ತಂಡದಲ್ಲಿ ಚೆಂಡು ಎಸೆಯುವವಳು. ಹೆಸರೇ ಕಾಣದ ಮೇಲೆ ಸ್ವಂತ ಮಗಳಿದ್ದರೇನು ಅಂತ ಯಾರೂ ನನ್ನನ್ನು ಬೇಡವೆನ್ನಲಿಲ್ಲ. ಅವಳು ಹಬ್ಬಕ್ಕೆ ಮನೆಗೆ ಬಂದರೆ ಇಬ್ಬರೂ ಪಲ್ಯದ ಉಪ್ಪಿನ ಬಗ್ಗೆ ಮಾತಾಡಿ ಎದ್ದುಬಿಡುತ್ತಿದ್ದೆವು. ಒಳಗೊಳಗೇ ಸಂಕಟವಾಗುತ್ತಿತ್ತು, ನ್ಯಾಯದ ಕೆಲಸ ಅಂತ ಹೆಮ್ಮೆಯೂ ಇತ್ತು.

ಹೊಳೆವ್ವನಿಗೆ ಈಗ ಮೂವತ್ತನಾಲ್ಕು. ನಮ್ಮ ನಿಯಮದಂತೆ ಮೂವತ್ತಮೂರು ದಾಟಿದ ಎಸೆತಗಾರರು ಹಂಗಾಮಿನ ಅರ್ಧಕ್ಕೆ ನಿವೃತ್ತರಾಗಬೇಕು. ಆ ಹೊತ್ತಿನಲ್ಲಿ ಕೊಡುವ ಶ್ರೇಷ್ಠ ಎಸೆತಗಾರ ಪ್ರಶಸ್ತಿ ಗೆದ್ದವರಿಗೆ ಮಾತ್ರ ಇನ್ನೆರಡು ವರ್ಷ ಆಡಲು ಅವಕಾಶ. ಅಂದರೆ ಈ ಸಲ ಗೆಲ್ಲದಿದ್ದರೆ ಅವಳ ಆಟ ಮುಗಿದಂತೆ. ಹನ್ನೆರಡನೇ ವಯಸ್ಸಿನಿಂದ ಆ ಹುಡುಗಿಗೆ ಬೇರೆ ಏನೂ ಬೇಕಾಗಿರಲಿಲ್ಲ.

ಸೋಮವಾರ ಪಟ್ಟಿ ಬಂತು. ಇಪ್ಪತ್ತಾರು ಸಾಲು; ಹೆಸರಿಲ್ಲ, ಊರಿಲ್ಲ, ವಯಸ್ಸಿಲ್ಲ. ಮೊದಲ ಕಾಲಂ 'ಬದಲಿ ಗೆಲುವು': ಈ ಎಸೆತಗಾರರ ಜಾಗದಲ್ಲಿ ಯಾರೋ ಸಾಧಾರಣದವರನ್ನು ನಿಲ್ಲಿಸಿದ್ದರೆ ತಂಡ ಎಷ್ಟು ಗೆಲುವು ಕಳೆದುಕೊಳ್ಳುತ್ತಿತ್ತು ಎಂಬ ಲೆಕ್ಕ. ಎರಡನೆಯದು 'ಸ್ವಂತ ಓಟ': ಹಿಂದೆ ನಿಂತು ಚೆಂಡು ಹಿಡಿಯುವವರ ಚುರುಕು, ಮೈದಾನದ ಅಳತೆ, ಅದೃಷ್ಟ ಎಲ್ಲ ಕಳೆದು, ಎಸೆತಗಾರರು ತಾವಾಗಿ ಬಿಟ್ಟುಕೊಟ್ಟ ಓಟಗಳು. ಅರ್ಧ ಹಂಗಾಮಿನ ಅಂಕಿ ಅರೆಬೆಂದ ಅನ್ನ. ಆದರೂ ನಾವು ಅದನ್ನೇ ಬಡಿಸಬೇಕು. ಏಳನೇ ಸಾಲಿನ ಬದಲಿ ಗೆಲುವು ನಾಲ್ಕು ಪಾಯಿಂಟ್ ಒಂದು, ಹತ್ತೊಂಬತ್ತನೆಯದು ಮೂರು ಪಾಯಿಂಟ್ ಎಂಟು. ಸ್ವಂತ ಓಟದಲ್ಲೂ ಏಳನೆಯದೇ ಮೇಲು. ಆಮೇಲೆ ನನ್ನ ಕಣ್ಣು ಎಸೆತದ ಬಗೆ ತೋರಿಸುವ ಕಾಲಂ ಮೇಲೆ ಬಿತ್ತು. ಎದುರಾಳಿ ಔಟಾಗಲು ಒಂದೇ ಚೆಂಡು ಬಾಕಿಯಿದ್ದಾಗ ಹೆಚ್ಚಿನವರು ಜೋರಾಗಿ ಎಸೆಯುತ್ತಾರೆ. ಹತ್ತೊಂಬತ್ತನೆಯವರು ನೂರಕ್ಕೆ ಎಪ್ಪತ್ತೊಂದು ಸಲ 'ಇಳಿಚೆಂಡು' ಹಾಕಿದ್ದರು, ಅಂದರೆ ಬ್ಯಾಟಿನ ಹತ್ತಿರ ಬಂದು ಮೆಲ್ಲಗೆ ಕೆಳಗೆ ಬೀಳುವ ನಿಧಾನದ ಎಸೆತ. ಅದು ಹೊಳೆವ್ವನದು. ಅವಳಿಗೆ ನಾನೇ ಕಲಿಸಿದ್ದು.

ಯಾರದೇ ಗುರುತು ಹತ್ತಿದರೆ ಎದ್ದು ಹೇಳಬೇಕು. ಆಗ ಆ ಸಾಲನ್ನೇ ಪಟ್ಟಿಯಿಂದ ತೆಗೆಯುತ್ತಾರೆ. ನಾನು ಏಳಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು, ವಾದಕ್ಕೆ ಬೇರೆ ಇಳಿದೆ. ನಿಧಾನದ ಚೆಂಡು ತೋಳು ಸವೆಸುವುದಿಲ್ಲ, ಇವರು ಕಡೆಯತನಕ ಬಾಳುತ್ತಾರೆ, ಮೂರು ದಶಾಂಶದ ಅಂತರ ಒಂದು ಕೆಟ್ಟ ದಿನದಲ್ಲಿ ಹೋಗುತ್ತದೆ ಎಂದೆಲ್ಲ ನಾಲಿಗೆ ಹರಿಬಿಟ್ಟೆ. ನಮ್ಮಲ್ಲಿ ಹಿರಿಯರಾದ ವಿರೂಪಣ್ಣ, ಅಂಕಿ ನಿಮ್ಮ ಕಡೆ ಇಲ್ಲ ಕಲ್ಲವ್ವಕ್ಕಾ, ಅಂತ ಮೆತ್ತಗೆ ಹೇಳಿದರು. ನಾನು ಕೇಳಲಿಲ್ಲ. ನಾಲ್ಕರ ಎದುರು ಐದು ಮತದಿಂದ ಹತ್ತೊಂಬತ್ತನೇ ಸಾಲು ಗೆದ್ದಿತು. ಕೊನೆಯ ಮತ ನನ್ನದು.

ಆಮೇಲೆ ಹೆಸರು ತೆರೆದರು. ಹತ್ತೊಂಬತ್ತು, ರಾಯಚೂರಿನ ಅಯ್ಯಾಳಪ್ಪ, ವಯಸ್ಸು ಇಪ್ಪತ್ತೆರಡು. ಏಳು, ಗದಗದ ಹೊಳೆವ್ವ ಮುಳಗುಂದ.

ಮರುದಿನ ಅವಳು ತಂಡದ ವಸತಿಯಿಂದ ಚೀಲ ಹೊತ್ತು ಮನೆಗೆ ಬಂದಳು. ನಾನು ಎಲ್ಲ ಹೇಳಿದೆ, ಒಂದನ್ನೂ ಮುಚ್ಚಿಡಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಅವಳು ಚೀಲದ ಬಟ್ಟೆ ತೆಗೆದು ಮಡಚುತ್ತಲೇ ಹೇಳಿದಳು:

"ಅವ್ವಾ, ನಾ ಇಳಿಚೆಂಡು ಬಿಟ್ಟು ಮೂರು ವರ್ಷ ಆತು. ಮೊಣಕೈ ತಡೀಲಿಲ್ಲ, ಬ್ಯಾರೆ ಕಲತೆ. ಅಯ್ಯಾಳಪ್ಪ ನನ್ನ ಹಳೇ ಆಟ ನೋಡಿ ಕಲತಾನ. ಊರಾಗ ಎಲ್ಲಾರೂ ನೋಡ್ಯಾರ. ನೀ ಒಬ್ಬಾಕಿನ ನೋಡಿಲ್ಲ."

ಶಾಂಭವೀ, ಹೆಸರು ಮುಚ್ಚಿಡುವ ಆ ಟಿಪ್ಪಣಿಯ ಸಾಲು ಹೊಡೆದುಹಾಕು ಅಂತ ನಾನು ಹೇಳುವುದಿಲ್ಲ. ಏಕವಚನಕ್ಕೆ ಇಳಿದುಬಿಟ್ಟೆ, ಸಿಟ್ಟು ಬಂದಿದೆ, ಕ್ಷಮಿಸಿ. ಅಂಕಿ ಸುಳ್ಳು ಹೇಳಲಿಲ್ಲ. ಏಳನೇ ಸಾಲು ಸರಿಯಾಗಿಯೇ ಇತ್ತು, ಅದನ್ನು ನಂಬಿದ್ದರೆ ನನ್ನ ಮಗಳು ಉಳಿಯುತ್ತಿದ್ದಳು. ನಾನು ಅಂಕಿಯನ್ನೂ ನಂಬಲಿಲ್ಲ, ಮಗಳನ್ನೂ ನೋಡಲಿಲ್ಲ. ನನ್ನದೊಂದೇ ಬೇಡಿಕೆ. ಟಿಪ್ಪಣಿಯ ಆ ಸಾಲಿನ ಕೆಳಗೆ ನಿಮ್ಮ ಕೈಯಾರೆ ಇನ್ನೊಂದು ಬರೆದಿಡಿ: ಮತ ಹಾಕುವವರು ವರ್ಷಕ್ಕೆ ಒಂದು ಸಲವಾದರೂ ಮೈದಾನಕ್ಕೆ ಹೋಗಲಿ, ತಮ್ಮವರ ಆಟ ನೋಡಲಿ. ನೀವು ಬರೆದರೆ ಇಲ್ಲಿ ಯಾರೂ ಮೀರುವುದಿಲ್ಲ.

ನಾನು ಮಂಡಳಿಗೆ ರಾಜೀನಾಮೆ ಕೊಟ್ಟೆ. ಎರಡು ದಿನದಿಂದ ಹೊಳೆವ್ವನ ನಾಲ್ಕು ವರ್ಷದ ಪಂದ್ಯಗಳ ವಿಡಿಯೊ ತರಿಸಿಕೊಂಡು ನೋಡುತ್ತಿದ್ದೇನೆ. ಪ್ರತಿ ಪಂದ್ಯದಲ್ಲೂ, ಮೊದಲ ಚೆಂಡು ಎಸೆಯುವ ಮುಂಚೆ, ಅವಳು ಒಮ್ಮೆ ತಿರುಗಿ ಜನ ಕೂತ ಕಡೆ ನೋಡುತ್ತಾಳೆ. ನಾನು ಬರುವಂತಿಲ್ಲ ಅಂತ ಗೊತ್ತಿದ್ದೂ ನೋಡುತ್ತಾಳೆ.

ಇಂತಿ,
ನಿಮ್ಮ ವಂಶದ
ಕಲ್ಲವ್ವ ಮುಳಗುಂದ