ಭಾನುವಾರ ಅಂದುಬಿಟ್ಟೆ

ಅಕ್ಕಾ,

ಈ ಪತ್ರ ತರುವ ಆಂಬುಲೆನ್ಸ್ ಡ್ರೈವರ್ ಕೈಯಲ್ಲಿ ಅಮ್ಮನ ಕಂದು ಚಪ್ಪಲಿ ಕೊಟ್ಟು ಕಳಿಸು. ನಡೆಯುವುದಕ್ಕಲ್ಲ, ಮಂಚದ ಪಕ್ಕ ಅವಳ ಕಣ್ಣಿಗೆ ಬೀಳುವಂತೆ ಇಡುವುದಕ್ಕೆ.

ವಾಸಿಯಾಗದವರ ಈ ವಾರ್ಡಿನಲ್ಲಿ ನಾನೇ ಹಿರಿಯ ನರ್ಸ್. ಮನೆಗೆ ಯಾವಾಗ ಎಂದು ರೋಗಿ ಕೇಳಿದರೆ ದಿನ ಹೇಳಬೇಡಿ, ಕೈ ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ ಎಂದು ಇಪ್ಪತ್ತೆರಡು ವರ್ಷದಿಂದ ಹೊಸಬರಿಗೆ ಕಲಿಸುತ್ತಿದ್ದೇನೆ. ಸೋಮವಾರ ಅಮ್ಮ ಕೇಳಿದಾಗ ಭಾನುವಾರ ಅಂದುಬಿಟ್ಟೆ.

ಅವತ್ತಿನಿಂದ ನೋವಿನ ಇಂಜೆಕ್ಷನ್ ಬೇಡ ಅನ್ನುತ್ತಿದ್ದಾಳೆ. "ಅದು ಹಾಕಿದ್ರೆ ಮಂಪರು ಬರುತ್ತೆ ಕಣೇ. ಹೋಗೋ ದಿನ ಎಚ್ಚರ ಇರ್ಬೇಡ್ವಾ?" ಹಲ್ಲು ಕಚ್ಚಿಕೊಂಡು ಮಲಗಿರುತ್ತಾಳೆ. ನಿಜ ಹೇಳಬೇಕೆಂದು ಎರಡು ಸಲ ಹೋದೆ, ದಿಂಬು ಸರಿಮಾಡಿ ಬಂದೆ. ಚಪ್ಪಲಿ ಕಂಡರೆ, ನಿದ್ದೆಯಲ್ಲಿದ್ದರೂ ನಾವು ತನ್ನನ್ನು ಬಿಟ್ಟುಹೋಗುವುದಿಲ್ಲ ಎಂದು ನಂಬಿ ಇಂಜೆಕ್ಷನ್‌ಗೆ ಒಪ್ಪಿಯಾಳು.

ನಾಡಿದ್ದು ಭಾನುವಾರ. ನೀನು ಬೇಗ ಬಾ, ಅವಳ ಮುಖ ನೋಡಲು ನನ್ನೊಬ್ಬಳಿಂದ ಆಗುವುದಿಲ್ಲ.

"ನನ್ನ ಮಗಳು ಪೇಷೆಂಟ್‌ಗಳಿಗೆ ಸುಳ್ಳು ಹೇಳೋಳಲ್ಲ" ಎಂದು ಪಕ್ಕದ ಮಂಚದ ಅಜ್ಜಿಗೆ ಅಮ್ಮ ಹೇಳಿದ್ದಾಳೆ. ಇವತ್ತು ಆ ಅಜ್ಜಿ ತಾನೇ ನನ್ನ ಕೈ ಹಿಡಿದುಕೊಂಡು ಕೇಳಿದಳು, "ಸಿಸ್ಟರ್, ನಂಗೆ ಯಾವ ವಾರ?"

ನಿನ್ನ ತಂಗಿ