ನರಿಗೆ ನಿನ್ನ ಹೆಸರು

ಹಂಪಯ್ಯಾ,

ಬಾಲ ಕಳೆದುಕೊಂಡ ನರಿಯ ಕಥೆಯನ್ನು ನಮ್ಮಿಬ್ಬರಿಗೂ ಮೊದಲು ಹೇಳಿದವಳು ನನ್ನ ಅಜ್ಜಿ ಗದಿಗೆಮ್ಮ, ನಾವು ನಾಲ್ಕನೆಯ ಇಯತ್ತೆಯಲ್ಲಿದ್ದಾಗ. ನಮ್ಮಲ್ಲಿ ಕಥೆ ಕೊಟ್ಟವರ ಹೆಸರು ಹೇಳಿಯೇ ಕಥೆ ಶುರುಮಾಡಬೇಕು. ನೀನು ಹೈದರಾಬಾದಿನಲ್ಲಿರುವ ನಮ್ಮ ಕಡೆಯ ಸಾಫ್ಟ್‌ವೇರ್ ಮಂದಿಯ ಮುಂದೆ ಅವಳ ಹೆಸರು ನುಂಗಿ, ಕಥೆ ನಿನ್ನದೇ ಎಂದು ಹೇಳಿಕೊಂಡೆ. ಸತ್ತೆಯೆಂದು ನಾನೇನು ನಿನ್ನನ್ನು ಬಿಡಲಿಲ್ಲ.

ಕಳೆದ ಭಾನುವಾರ ಅದೇ ಮಂದಿ, ಅವರ ಮಕ್ಕಳೊಡನೆ ಗೋಲ್ಕೊಂಡಕ್ಕೆ ಹೋಗಿದ್ದೆ. ಹೂಬಿಟ್ಟ ಬೇವಿನ ನೆರಳಲ್ಲಿ ಬುತ್ತಿ ಉಂಡ ಮೇಲೆ, ಅಜ್ಜಿಯ ಹೆಸರೆತ್ತಿ ಅದೇ ಕಥೆ ಹೇಳಿದೆ. ಹುಂಜ ಕದ್ದ ನರಿಗೆ ನಿನ್ನ ಹೆಸರಿಟ್ಟೆ. ಕಥೆಯಲ್ಲಿ ಅದರ ಬಾಲ ಕತ್ತರಿಸುವಾಗ ಆ ಮಕ್ಕಳಲ್ಲಿ ಪುಟ್ಟ ಲಹರಿ ಕೇಳಿದಳು, "ಹಂಪಯ್ಯಗ ಭಾಳ ನೋವಾತೇನ್ರಿ, ಕಾಕಾ?"

"ಆಗ್ಲಿ ಬಿಡವ್ವ, ಅವಂಗ ಅದೇ ಬೇಕಾಗಿತ್ತು."

ಎಲ್ಲರೂ ನಕ್ಕರು. ಅಜ್ಜಿ ಹೇಳುವಾಗ ನೀನು ಹೂಂಗುಡುತ್ತಿದ್ದ ಕಡೆಯಲ್ಲೆಲ್ಲ ನಾನು ಕಥೆ ನಿಲ್ಲಿಸಿ ಕಾದೆ.

ಮರುದಿನ ಬೆಳಿಗ್ಗೆ ತಾವಿರುವ ಮಿಯಾಪುರದಲ್ಲಿ ಆ ಮಕ್ಕಳು ಅಪಾರ್ಟ್‌ಮೆಂಟ್ ಗೇಟಿನ ಮೋಟುಬಾಲದ ನಾಯಿಯನ್ನು "ಹಂಪಯ್ಯಾ" ಎಂದು ಕರೆದು, ತಮ್ಮ ಡಬ್ಬಿಯ ಚಪಾತಿ ತಿನ್ನಿಸಿದರಂತೆ.